ಕೈ ಬರುತ್ತಾ, ನಡೆಯುತ್ತಾರಾ, ಮಾತಾಡುತ್ತಾರಾ: ಸ್ಟ್ರೋಕ್ ಆದ ಮೇಲೆ ಎಷ್ಟು ಮುಂಚೆ, ಎಷ್ಟು ಖಚಿತವಾಗಿ ಹೇಳಬಹುದು?

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಒಂಬತ್ತು ದಿನದ ಹಿಂದೆ ಸ್ಟ್ರೋಕ್ ಆಯಿತು. ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಮೊದಲ ದಿನ ಸ್ಕೋರ್ 14 ಎಂದು ಬರೆದಿದ್ದಾರೆ. ಮೂರನೇ ದಿನದಿಂದ ಮಂಚದ ಅಂಚಿನಲ್ಲಿ ಆಸರೆ ಇಲ್ಲದೆ ಕೂರುತ್ತಿದ್ದಾರೆ, ಬಲಗಾಲನ್ನೂ ಹಾಸಿಗೆಯಿಂದ ಎತ್ತುತ್ತಾರೆ. ಕೈ ಮಾತ್ರ ಹಾಗೇ ಇದೆ. ಭುಜ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ನಮ್ಮ ಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತಾರೆ. ಆದರೆ ಬಿಡಿಸಲು ಆಗುವುದಿಲ್ಲ. ನಾವು ಹೇಳುವುದು ಬಹುಪಾಲು ಅರ್ಥವಾಗುತ್ತದೆ, ಅವರಿಗೆ ಒಂದೆರಡು ಪದ ಬಿಟ್ಟು ಹೊರಡುವುದಿಲ್ಲ. ಒಬ್ಬ ಡಾಕ್ಟರು "ಮೂರು ತಿಂಗಳಲ್ಲಿ ಬಂದಷ್ಟೇ" ಎಂದರು. ಇನ್ನೊಬ್ಬರು "ಆರು ತಿಂಗಳು ನೋಡೋಣ" ಎಂದರು. ನಡೆಯುತ್ತಾರಾ? ಕೈ ಬರುತ್ತಾ? ಮಾತು? ದಯವಿಟ್ಟು ನೇರವಾಗಿ ಹೇಳಿ.

ಉತ್ತರ:

ನೇರವಾಗಿಯೇ ಹೇಳುತ್ತೇನೆ. ನಡಿಗೆಯ ಬಗ್ಗೆ ನನಗೆ ಒಳ್ಳೆಯ ಭರವಸೆ ಇದೆ. ಕೈಯ ಬಗ್ಗೆ ಚಿಂತೆ ಇದೆ, ಆದರೆ ಬಾಗಿಲು ಮುಚ್ಚಿಲ್ಲ. ಮಾತಿನ ಬಗ್ಗೆ ಇವತ್ತೇ ತೀರ್ಪು ಕೊಡುವುದು ಅವಸರವಾಗುತ್ತದೆ. ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎನ್ನುವುದು ಮಾತ್ರ ಒಳ್ಳೆಯ ಸೂಚನೆ. ನಾನು ಅವರನ್ನು ಪರೀಕ್ಷೆ ಮಾಡಿಲ್ಲ, ನೀವು ಬರೆದದ್ದನ್ನು ನಂಬಿ ಹೇಳುತ್ತಿದ್ದೇನೆ.

ನೀವು ಒಳ್ಳೆಯ ಕೆಲಸ ಮಾಡಿದ್ದೀರಿ: ಮೂರನ್ನೂ ಬೇರೆ ಬೇರೆಯಾಗಿ ಕೇಳಿದ್ದೀರಿ. ಬಹಳಷ್ಟು ಮನೆಯವರು "ಹುಷಾರಾಗ್ತಾರಾ?" ಎಂದು ಒಂದೇ ಮಾತಲ್ಲಿ ಕೇಳುತ್ತಾರೆ. ಅದಕ್ಕೆ ಯಾರ ಹತ್ತಿರವೂ ಸರಿಯಾದ ಉತ್ತರ ಇರುವುದಿಲ್ಲ. ಕಾಲು, ಕೈ, ಮಾತು, ನುಂಗುವುದು, ನೆನಪು, ಇವೆಲ್ಲ ಮಿದುಳಿನ ಬೇರೆ ಬೇರೆ ದಾರಿಗಳು. ಒಂದೊಂದು ತನ್ನದೇ ವೇಗದಲ್ಲಿ ಬರುತ್ತದೆ. ಒಂದು ಪೂರ್ತಿ ಬಂದು ಇನ್ನೊಂದು ಬಾರದೇ ಇರಬಹುದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಅಂಕಿಗಳನ್ನೆಲ್ಲ ಅದರ ಬೆಳಕಿನಲ್ಲೇ ಓದಬೇಕು. ಸ್ಟ್ರೋಕ್‌ನಲ್ಲಿ "ಬರುತ್ತದೆ" ಎಂಬ ಭವಿಷ್ಯವನ್ನು ಜಾಸ್ತಿ ನಂಬಬಹುದು. "ಬರುವುದಿಲ್ಲ" ಎಂಬುದನ್ನು ಅಷ್ಟು ನಂಬಬಾರದು. ಎರಡಕ್ಕೂ ಒಂದೇ ತೂಕ ಇಲ್ಲ.

ಈಗ ಮೂರು ತಿಂಗಳು, ಆರು ತಿಂಗಳಿನ ಗೊಂದಲ. ಇಬ್ಬರೂ ಸುಳ್ಳು ಹೇಳಿಲ್ಲ. ಸ್ಟ್ರೋಕ್ ಚಿಕಿತ್ಸೆಯ ದೊಡ್ಡ ಅಧ್ಯಯನಗಳು ರೋಗಿಯ ಸ್ಥಿತಿಯನ್ನು ಸಾಮಾನ್ಯವಾಗಿ 90ನೇ ದಿನ ಅಳೆಯುತ್ತವೆ. ಹಾಗಾಗಿ ಡಾಕ್ಟರ ತಲೆಯಲ್ಲಿ ಮೂರು ತಿಂಗಳು ಎಂಬುದು ಗಟ್ಟಿಯಾಗಿ ಕೂತಿದೆ. ಕೈ, ಕಾಲಿನ ಚೇತರಿಕೆಯ ಅಧ್ಯಯನಗಳು ಹೆಚ್ಚಾಗಿ ಆರು ತಿಂಗಳಿಗೆ ಅಳೆಯುತ್ತವೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಆಸ್ಪತ್ರೆಗೆ ಬಂದ ಸ್ಟ್ರೋಕ್ ರೋಗಿಗಳನ್ನೆಲ್ಲ ವಾರವಾರ ಗಮನಿಸಿ 1995ರಲ್ಲಿ ಒಂದು ವರದಿ ಬಂತು. ದಿನನಿತ್ಯದ ಕೆಲಸಗಳಲ್ಲಿ ಆಗಬಹುದಾದ ಚೇತರಿಕೆ ಸೌಮ್ಯ ಸ್ಟ್ರೋಕ್‌ನವರಲ್ಲಿ ಬಹುಮಟ್ಟಿಗೆ ಎಂಟೂವರೆ ವಾರದೊಳಗೆ ಮುಗಿದಿತ್ತು. ಮಧ್ಯಮದವರಿಗೆ 13 ವಾರ, ತೀವ್ರದವರಿಗೆ 17, ಅತಿ ತೀವ್ರದವರಿಗೆ 20 ವಾರ ಬೇಕಾಯಿತು. ಅಂದರೆ ಪೆಟ್ಟು ದೊಡ್ಡದಿದ್ದಷ್ಟೂ ಗಡಿಯಾರ ನಿಧಾನ. "ಮೂರು ತಿಂಗಳಷ್ಟೇ" ಎನ್ನುವುದು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ.

ಡಾಕ್ಟರು "ಚೆನ್ನಾಗಿ ಆಗ್ತಾರೆ" ಎಂದಾಗಲೂ ಸ್ವಲ್ಪ ಎಚ್ಚರವಿರಲಿ. ನಮ್ಮಲ್ಲಿ ಬಳಕೆಯಲ್ಲಿರುವ ಅಳತೆಗೋಲು ರ‍್ಯಾಂಕಿನ್ ಸ್ಕೇಲ್. ಗ್ಲಾಸ್ಗೋದ ಡಾಕ್ಟರ್ ಜಾನ್ ರ‍್ಯಾಂಕಿನ್ 1957ರಲ್ಲಿ ಮಾಡಿದ್ದು, ಆಮೇಲೆ ತಿದ್ದಿ ಬಳಸುತ್ತಿದ್ದೇವೆ. 0 ಎಂದರೆ ಏನೂ ತೊಂದರೆ ಇಲ್ಲ, 6 ಎಂದರೆ ಸಾವು. 2ರ ತನಕ ಬಂದರೆ ಅಧ್ಯಯನಗಳಲ್ಲಿ "ಒಳ್ಳೆಯ ಫಲಿತಾಂಶ" ಎಂದು ಬರೆಯುತ್ತಾರೆ. ಆದರೆ 2 ಎಂದರೇನು? ತನ್ನ ಕೆಲಸ ತಾನು ನೋಡಿಕೊಳ್ಳುತ್ತಾರೆ, ಮೊದಲು ಮಾಡುತ್ತಿದ್ದ ಎಲ್ಲವನ್ನೂ ಮಾಡಲಾಗುವುದಿಲ್ಲ. ಬರೆಯುವ ಕೈ ಬಾರದೇ ಇದ್ದರೂ ಒಬ್ಬರು 2ಕ್ಕೆ ಬರಬಹುದು. ಡಾಕ್ಟರ "ಒಳ್ಳೆಯದು" ಮತ್ತು ಮನೆಯವರ "ಮೊದಲಿನ ಹಾಗೆ" ಎರಡೂ ಬೇರೆ. ಈ ಒಂದು ಅಂತರದಿಂದಲೇ ಎಷ್ಟೋ ಮನೆಗಳಲ್ಲಿ ಆಮೇಲೆ ಬೇಸರ, ಸಿಟ್ಟು ಹುಟ್ಟುತ್ತದೆ.

ನಿಮ್ಮ ಕಾಗದದಲ್ಲಿರುವ 14 ಎನ್ನುವುದು ಸ್ಟ್ರೋಕ್ ಎಷ್ಟು ತೀವ್ರ ಎಂದು ಅಳೆಯುವ ಎನ್‌ಐಎಚ್‌ಎಸ್‌ಎಸ್ ಸ್ಕೋರ್ ಇರಬೇಕು. 0ಯಿಂದ 42ರ ತನಕ ಇರುತ್ತದೆ, ಜಾಸ್ತಿ ಆದಷ್ಟೂ ಕೆಟ್ಟದ್ದು. ಗುಂಪಾಗಿ ನೋಡಿದರೆ ಇದು ಗಟ್ಟಿ ಸೂಚಕ. ಮೊದಲ ದಿನ 6ರೊಳಗೆ ಇದ್ದವರಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. 16 ದಾಟಿದರೆ ಸಾವು ಅಥವಾ ತೀವ್ರ ಅಂಗವಿಕಲತೆಯ ಸಾಧ್ಯತೆ ಜಾಸ್ತಿ. ನಿಮ್ಮ ತಂದೆಯವರದು ನಡುವೆ, ಸ್ವಲ್ಪ ಮೇಲ್ಗಡೆ. ಆದರೆ ಒಬ್ಬ ವ್ಯಕ್ತಿಯ ಬಗ್ಗೆ ಹೇಳಲು ಇದು ಮೊಂಡು ಆಯುಧ. ಅದರ 42 ಅಂಕಗಳಲ್ಲಿ 7 ಭಾಷೆಗೆ ಸಂಬಂಧಿಸಿದ್ದು, ಒಂದು ಪಕ್ಕದ ಜಗತ್ತನ್ನೇ ಮರೆಯುವ ತೊಂದರೆಗೆ ಬರೀ 2. ಹಾಗಾಗಿ ಎಡ ಮಿದುಳಿನ ಪೆಟ್ಟಿಗೆ ಸ್ಕೋರ್ ಸಹಜವಾಗಿಯೇ ಏರುತ್ತದೆ. ಅದೇ ಗಾತ್ರದ ಬಲಗಡೆ ಪೆಟ್ಟಿಗೆ ಕಡಿಮೆ ತೋರಿಸುತ್ತದೆ. ಜೊತೆಗೆ ಮೊದಲ ಗಂಟೆಗಳ ಸ್ಕೋರ್ ತುಂಬಾ ಅಲುಗಾಡುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಅಥವಾ ತಂತಿ ಹಾಕಿ ಹೆಪ್ಪು ಎಳೆದು ತೆಗೆದರೆ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿದದ್ದೂ ಉಂಟು. 24 ಗಂಟೆಯ ನಂತರದ ಸ್ಕೋರ್ ಎಷ್ಟಿತ್ತು ಎಂದು ಕೇಳಿ. ಅದು ಮೊದಲ ದಿನದ್ದಕ್ಕಿಂತ ಹೆಚ್ಚು ನಂಬಬಹುದಾದದ್ದು.

ಸ್ಕ್ಯಾನ್ ಬಗ್ಗೆ ನೀವು ಕೇಳಿಲ್ಲ, ಎಲ್ಲರೂ ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ. ಫಿಲ್ಮ್ ಮೇಲಿನ ಕಲೆ ದೊಡ್ಡದಿದೆ ಎಂದು ಹೆದರಬೇಡಿ, ಚಿಕ್ಕದಿದೆ ಎಂದು ಸಮಾಧಾನವನ್ನೂ ಪಡಬೇಡಿ. ಎಲ್ಲಿದೆ ಎನ್ನುವುದು ಮುಖ್ಯ. ಕೈಕಾಲಿಗೆ ಆಜ್ಞೆ ಒಯ್ಯುವ ನರಗಳೆಲ್ಲ ಮಿದುಳಿನ ಆಳದಲ್ಲಿ ಒಂದು ಇಕ್ಕಟ್ಟಾದ ಜಾಗದಲ್ಲಿ ಒಟ್ಟಾಗಿ ಹಾದುಹೋಗುತ್ತವೆ. ಅಲ್ಲಿ ಒಂದೂವರೆ ಸೆಂಟಿಮೀಟರ್ ಪೆಟ್ಟು ಬಿದ್ದರೂ ಇಡೀ ಪಕ್ಕ ನಿಂತುಹೋಗಬಹುದು. ಬೇರೆ ಕಡೆ ಅದರ ಹಲವು ಪಟ್ಟು ದೊಡ್ಡ ಕಲೆ ಇದ್ದೂ ಮನುಷ್ಯ ಎದ್ದು ಓಡಾಡುತ್ತಾನೆ.

ಇಷ್ಟೆಲ್ಲ ಯಂತ್ರಗಳಿದ್ದರೂ ಮೊದಲ ದಿನಗಳಲ್ಲಿ ಹೆಚ್ಚು ಹೇಳುವುದು ಮಂಚದ ಪಕ್ಕ ನಿಂತು ಎರಡು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ. ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಮೊದಲ ಬಾರಿ ರಕ್ತನಾಳ ಕಟ್ಟಿ ಸ್ಟ್ರೋಕ್ ಆದವರನ್ನು 72 ಗಂಟೆಯೊಳಗೆ ನೋಡಿದರು. ಮತ್ತೆ ಐದನೇ ದಿನ, ಒಂಬತ್ತನೇ ದಿನ ನೋಡಿದರು. ಆರು ತಿಂಗಳಿಗೆ ಫಲಿತಾಂಶ ಅಳೆದರು.

ಮೊದಲು ಕಾಲು. ಅವರು ನೋಡಿದ್ದು ಎರಡೇ: ಆಸರೆ ಇಲ್ಲದೆ 30 ಸೆಕೆಂಡು ಕೂರುತ್ತಾರಾ, ಬಿದ್ದುಹೋದ ಕಾಲಿನ ಸ್ನಾಯುಗಳಲ್ಲಿ ಸ್ವಲ್ಪವಾದರೂ ಬಲ ಇದೆಯಾ. 72 ಗಂಟೆಯೊಳಗೆ ಎರಡೂ ಇದ್ದವರಲ್ಲಿ ಆರು ತಿಂಗಳಿಗೆ ಸಮತಟ್ಟಾದ ನೆಲದಲ್ಲಿ ಇನ್ನೊಬ್ಬರ ಕೈ ಹಿಡಿಯದೆ ನಡೆಯುವ ಸಾಧ್ಯತೆ 98 ಶೇಕಡಾ. ಎರಡೂ ಇಲ್ಲದವರಿಗೆ 27 ಶೇಕಡಾ. ಒಂಬತ್ತನೇ ದಿನಕ್ಕೂ ಬಾರದಿದ್ದರೆ ಅದು ಸುಮಾರು 10ಕ್ಕೆ ಇಳಿಯಿತು. ನಿಮ್ಮ ತಂದೆ ಮೂರನೇ ದಿನವೇ ಕೂತಿದ್ದಾರೆ, ಕಾಲನ್ನು ಹಾಸಿಗೆಯಿಂದ ಎತ್ತುತ್ತಿದ್ದಾರೆ. ಅವರು ಒಳ್ಳೆಯ ಗುಂಪಿನಲ್ಲೇ ಇದ್ದಾರೆ. 154 ಜನರ ಅಧ್ಯಯನ ಇದು, ಲೋಕಕ್ಕೆಲ್ಲ ಅನ್ವಯಿಸುವ ಶಾಸನ ಅಲ್ಲ. ಆದರೂ ನಡೆಯುತ್ತಾರೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹೇಗೆ ನಡೆಯುತ್ತಾರೆ ಎನ್ನುವುದು ಬೇರೆ ಮಾತು. ನಿಧಾನವಾಗಬಹುದು. ಪಾದ ಎಳೆಯಬಹುದು. ಕೋಲು ಅಥವಾ ಪಾದಕ್ಕೆ ಪಟ್ಟಿ ಬೇಕಾಗಬಹುದು. ಮೆಟ್ಟಿಲು, ಏರುತಗ್ಗಿನ ರಸ್ತೆ, ಜನಜಂಗುಳಿ, ಇವು ಸಮತಟ್ಟಾದ ನೆಲಕ್ಕಿಂತ ತಡವಾಗಿ ಬರುತ್ತವೆ.

ಇಲ್ಲಿ ಒಂದು ಸಣ್ಣ ಮಾತು. ಬೀಳುವುದು ನಡೆಯಲಾಗದವರಿಗಿಂತ ಈಗ ತಾನೇ ನಡೆಯಲು ಶುರುಮಾಡಿದವರಿಗೆ ದೊಡ್ಡ ಅಪಾಯ. ಧೈರ್ಯ ಮೊದಲು ಬರುತ್ತದೆ, ಸಮತೋಲನ ಆಮೇಲೆ.

ಈಗ ಕೈ. ಇಲ್ಲಿ ನಿಮ್ಮ ಪತ್ರದ ಎರಡು ವಾಕ್ಯಗಳನ್ನು ನಾನು ಮತ್ತೆ ಮತ್ತೆ ಓದಿದೆ. "ಭುಜ ಸ್ವಲ್ಪ ಮೇಲಕ್ಕೆ ಹೋಗುತ್ತದೆ", "ಹಿಡಿದುಕೊಳ್ಳುತ್ತಾರೆ, ಬಿಡಿಸಲು ಆಗುವುದಿಲ್ಲ."

ಅದೇ ಸಂಶೋಧಕರು ಕೈಗೆ ನೋಡಿದ್ದೂ ಎರಡು: ತೋಳನ್ನು ದೇಹದಿಂದ ಪಕ್ಕಕ್ಕೆ ಸರಿಸುತ್ತಾರಾ, ಬೆರಳನ್ನು ಬಿಚ್ಚುತ್ತಾರಾ. 188 ಜನರಲ್ಲಿ 72 ಗಂಟೆಯೊಳಗೆ ಎರಡೂ ಸ್ವಲ್ಪವಾದರೂ ಇದ್ದವರಿಗೆ ಆರು ತಿಂಗಳಲ್ಲಿ ಕೈಯಿಂದ ಒಂದಿಷ್ಟು ಕೆಲಸ ಮಾಡುವ ಸಾಧ್ಯತೆ 98 ಶೇಕಡಾ. ಬೆರಳು ಬಿಚ್ಚಿದವರಲ್ಲಿ 60 ಶೇಕಡಾ ಮಂದಿಗೆ ಕೈಯ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂತು. ಎರಡೂ ಇಲ್ಲದವರಿಗೆ ಸಾಧ್ಯತೆ 25 ಶೇಕಡಾ, ಒಂಬತ್ತನೇ ದಿನಕ್ಕೂ ಇಲ್ಲದಿದ್ದರೆ 14.

ಮುಷ್ಟಿ ಹಿಡಿಯುವುದನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ? ಹಿಡಿಯುವುದಕ್ಕೆ ಮಿದುಳಿನ ಬುಡದಿಂದ ಇಳಿಯುವ ಹಳೆಯ, ಒರಟು ದಾರಿಗಳೂ ಸಾಕಾಗುತ್ತವೆ. ಬೆರಳು ಬಿಚ್ಚುವುದಕ್ಕೆ ಮಿದುಳಿನ ಮೇಲ್ಪದರದಿಂದ ಬೆನ್ನುಹುರಿಗೆ ನೇರವಾಗಿ ಬರುವ ದಾರಿ ಬೇಕೇ ಬೇಕು. ಅದರಲ್ಲಿ ಕೆಲವು ಎಳೆಗಳಾದರೂ ಉಳಿದಿವೆಯಾ ಎಂಬುದನ್ನು ಬೆರಳಿನ ಆ ಸಣ್ಣ ಅಲುಗಾಟ ಹೇಳುತ್ತದೆ. ಅದಕ್ಕೇ ಫಿಸಿಯೋಥೆರಪಿಸ್ಟ್‌ಗಳು ಬೆರಳನ್ನೇ ದಿಟ್ಟಿಸಿ ನೋಡುವುದು. ಅಂಗೈ ಮೇಲೆ ಏನಾದರೂ ಇಟ್ಟಾಗ ತಾನಾಗೇ ಮುಚ್ಚಿಕೊಳ್ಳುವುದು ಪ್ರತಿಕ್ರಿಯೆಯೂ ಆಗಿರಬಹುದು. ಆಕಳಿಸುವಾಗ ಬಿದ್ದುಹೋದ ಕೈ ತಾನಾಗೇ ಮೇಲೇಳುವುದೂ ಉಂಟು. ನೋಡಿದ ಮನೆಯವರು ಸಂತೋಷದಿಂದ ಅಳುತ್ತಾರೆ, ಪಾಪ. ಅದು ಇಚ್ಛೆಯ ಚಲನೆ ಅಲ್ಲ ಎಂದು ಹೇಳುವುದು ನಮಗೆ ಕಷ್ಟದ ಕೆಲಸ.

ಭುಜದ ವಿಷಯ ನೀವು ಸರಿಯಾಗಿ ನೋಡಬೇಕು. ಹೆಗಲು ಕಿವಿಯ ಕಡೆಗೆ ಮೇಲಕ್ಕೆ ಕುಪ್ಪಳಿಸಿದರೆ ಅದು ಬೇರೆ ಸ್ನಾಯು, ಲೆಕ್ಕಕ್ಕಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಕೈ ಪಕ್ಕದಲ್ಲಿ ಇಳಿಬಿಡಲಿ. ಮೊಣಕೈ ಪಕ್ಕೆಯಿಂದ ಹೊರಗೆ ಸರಿಯುತ್ತದಾ ನೋಡಿ. ಆಮೇಲೆ ಮಣಿಕಟ್ಟಿಗೆ ಆಸರೆ ಕೊಟ್ಟು, ಬೆರಳು ಬಿಚ್ಚಲು ಹೇಳಿ. ಅವರಿಗೆ ಮಾತಿನ ತೊಂದರೆ ಇದೆ, ಆದ್ದರಿಂದ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ನೀವೇ ಮಾಡಿ ತೋರಿಸಿ. ಮೊದಲು ಅವರ ಎಡಗೈಯಲ್ಲಿ ಮಾಡಿಸಿ, ಆಮೇಲೆ ಬಲಗೈ. ಅರ್ಥವಾಗದೆ ಮಾಡದೇ ಇದ್ದದ್ದನ್ನು ಬಲ ಇಲ್ಲ ಎಂದು ಬರೆದ ಎಷ್ಟೋ ಕಾಗದಗಳನ್ನು ನಾನು ನೋಡಿದ್ದೇನೆ.

ಮೊಣಕೈ ನಿಜವಾಗಿ ಹೊರಗೆ ಸರಿದರೆ ನಿಮ್ಮ ತಂದೆ 14 ಶೇಕಡಾದ ಗುಂಪಿನವರಲ್ಲ. ಎರಡರ ನಡುವೆ ಎಲ್ಲೋ ಇದ್ದಾರೆ, ಅದು ಸಾಕಷ್ಟು ದೊಡ್ಡ ವ್ಯತ್ಯಾಸ. ಬರೀ ಹೆಗಲು ಮೇಲೇರಿದರೆ, ಬೆರಳೂ ಬಿಚ್ಚದಿದ್ದರೆ, ಏಳರಲ್ಲಿ ಒಬ್ಬರಿಗೆ ಮಾತ್ರ ಕೈ ಕೆಲಸಕ್ಕೆ ಬರುವ ಗುಂಪಿನಲ್ಲಿದ್ದಾರೆ. ಅದೂ "ಒಂದಿಷ್ಟು ಕೆಲಸ" ಎಂದರೆ 57 ಅಂಕದ ಪರೀಕ್ಷೆಯಲ್ಲಿ 10 ಅಂಕ. ಏನಾದರೂ ಒರಟಾಗಿ ಹಿಡಿಯಬಲ್ಲರು ಎಂದಷ್ಟೇ. ಗುಂಡಿ ಹಾಕುವುದು, ಬರೆಯುವುದು ಅಲ್ಲ. ನೇರವಾಗಿ ಹೇಳಿ ಎಂದಿರಿ, ಅದಕ್ಕೇ ಹೇಳಿದೆ.

ಇದಕ್ಕಿಂತ ಮುಂದಿನ ಹೆಜ್ಜೆಯೂ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕ್ಯಾಥಿ ಸ್ಟಿನಿಯರ್ ಮತ್ತು ಸಂಗಡಿಗರು 2017ರಲ್ಲಿ ಪ್ರೆಪ್2 ಎಂಬ ವಿಧಾನ ಪ್ರಕಟಿಸಿದರು. ಮೂರನೇ ದಿನ ಭುಜಕ್ಕೆ 5, ಬೆರಳಿಗೆ 5, ಒಟ್ಟು 10ಕ್ಕೆ ಅಂಕ ಕೊಡುತ್ತಾರೆ. 5 ಅಥವಾ ಹೆಚ್ಚು ಬಂದರೆ, ವಯಸ್ಸೂ 80ರೊಳಗಿದ್ದರೆ, ಮೂರು ತಿಂಗಳಿಗೆ ಕೈ ಬಹಳ ಚೆನ್ನಾಗಿ ಬರುವ ನಿರೀಕ್ಷೆ. 5ಕ್ಕಿಂತ ಕಡಿಮೆ ಇದ್ದವರಿಗೆ ತಲೆಯ ಮೇಲೆ ಕಾಂತದ ಸುರುಳಿ ಹಿಡಿದು ಮಿದುಳನ್ನು ಹೊರಗಿನಿಂದಲೇ ಚುರುಕುಗೊಳಿಸುತ್ತಾರೆ. ಆಗ ಕೈಯ ಸ್ನಾಯುವಿನಲ್ಲಿ ಸಂಕೇತ ಸಿಗುತ್ತದಾ ನೋಡುತ್ತಾರೆ. ನೋವಿಲ್ಲದ ಪರೀಕ್ಷೆ. ಕೈ ಕಣ್ಣಿಗೆ ಸತ್ತಂತೆ ಕಂಡರೂ ಸಂಕೇತ ಸಿಕ್ಕರೆ ದಾರಿ ಉಳಿದಿದೆ ಎಂದರ್ಥ, ಒಳ್ಳೆಯ ಚೇತರಿಕೆ ನಿರೀಕ್ಷಿಸಬಹುದು. ಬೆರಳು ಬಿಚ್ಚಲಾಗದ ನಿಮ್ಮ ತಂದೆಯಂಥವರಿಗೇ ಈ ಪರೀಕ್ಷೆಯ ಉಪಯೋಗ ಜಾಸ್ತಿ. ಎಲ್ಲ ಕಡೆ ಸಿಗುವುದಿಲ್ಲ. ಸಿಗುವ ಜಾಗವಿದ್ದರೆ ಕೇಳಿ ನೋಡಿ. ಇಷ್ಟೆಲ್ಲ ಮಾಡಿಯೂ ಆ ವಿಧಾನ ಸರಿಯಾಗಿ ಹೇಳಿದ್ದು ಸುಮಾರು ನಾಲ್ಕರಲ್ಲಿ ಮೂರು ಜನರ ವಿಷಯದಲ್ಲಿ. ನಾಲ್ಕನೆಯವರು ಲೆಕ್ಕ ತಪ್ಪಿಸುತ್ತಾರೆ.

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರೋಣ. ಅಂಕಿಗಳನ್ನು ಅಕ್ಕಪಕ್ಕ ಇಡಿ. "ಬರುತ್ತದೆ" ಎಂದವರಲ್ಲಿ 98. ತಪ್ಪಿದ್ದು ನೂರಕ್ಕೆ ಇಬ್ಬರ ವಿಷಯದಲ್ಲಿ. "ಬರುವುದಿಲ್ಲ" ಎಂದು ಮೂರನೇ ದಿನ ಷರಾ ಬರೆದಿದ್ದರೆ ನೂರಕ್ಕೆ 25 ಜನರ ವಿಷಯದಲ್ಲಿ ತಪ್ಪುತ್ತಿತ್ತು. ಅಂದರೆ ಮೂರನೇ ದಿನದ "ಇಲ್ಲ" ಎಂಬುದು ನಿಜವಾಗಿ "ಇನ್ನೂ ಇಲ್ಲ". ಅದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಒಂದು ತಿಂಗಳ ತನಕವಾದರೂ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮೂರನೇ, ನಾಲ್ಕನೇ ವಾರದಲ್ಲಿ ಬೆರಳು ಮೊದಲ ಬಾರಿ ಅಲುಗಾಡುವವರಿದ್ದಾರೆ. ಆ ದಿನ ಯಾರೂ ನೋಡದೇ ಹೋದರೆ ಥೆರಪಿಯ ಯೋಜನೆ ಹಳೆಯ "ಇಲ್ಲ" ಮೇಲೇ ನಡೆಯುತ್ತಿರುತ್ತದೆ.

"ಇಲ್ಲ" ಎನ್ನುವ ಭವಿಷ್ಯಕ್ಕೆ ಇನ್ನೊಂದು ಕೆಟ್ಟ ಗುಣ ಇದೆ. ಅದು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಕೈ ಬರುವುದಿಲ್ಲ ಎಂದು ತೀರ್ಮಾನಿಸಿದರೆ ಕೈಗೆ ಥೆರಪಿ ಕೊಡುವುದಿಲ್ಲ. ಕೊಡದಿದ್ದರೆ ಬರುವುದಿಲ್ಲ. ಆಮೇಲೆ "ನೋಡಿ, ಹೇಳಿದ್ದೆನಲ್ಲ" ಎನ್ನಬಹುದು. ಇದರ ಭಯಂಕರ ರೂಪ ಕಾಣುವುದು ಮಿದುಳಿನಲ್ಲಿ ರಕ್ತಸ್ರಾವವಾದ ಸ್ಟ್ರೋಕ್‌ನಲ್ಲಿ. ನಿಮ್ಮ ತಂದೆಯವರದು ಅದಲ್ಲ, ಆದರೆ ಬೇರೆ ಓದುಗರಿಗಾಗಿ ಹೇಳುತ್ತೇನೆ. 2001ರಿಂದ ಬಳಕೆಯಲ್ಲಿರುವ ಐಸಿಎಚ್ ಸ್ಕೋರ್ ಎಂಬುದು ಎಚ್ಚರದ ಮಟ್ಟ, ರಕ್ತದ ಪ್ರಮಾಣ, ಜಾಗ, ವಯಸ್ಸು ಮುಂತಾದವನ್ನು ಕೂಡಿಸಿ ಬದುಕುಳಿಯುವ ಸಾಧ್ಯತೆ ಹೇಳುತ್ತದೆ. ಸ್ಕೋರ್ ನೋಡಿ ಮೊದಲ ದಿನವೇ ಚಿಕಿತ್ಸೆ ಹಿಂತೆಗೆದರೆ ಆ ರೋಗಿ ಸಾಯುತ್ತಾರೆ, ಸ್ಕೋರ್ "ಸರಿ" ಎನಿಸಿಕೊಳ್ಳುತ್ತದೆ. ಅದಕ್ಕೇ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಸ್ಟ್ರೋಕ್ ಅಸೋಸಿಯೇಷನ್‌ನ 2022ರ ಮಾರ್ಗಸೂಚಿ, ಮೊದಲೇ ಅಂಥ ಇಚ್ಛೆ ತಿಳಿಸಿರದವರ ವಿಷಯದಲ್ಲಿ ಇಂಥ ತೀರ್ಮಾನವನ್ನು ಕನಿಷ್ಠ ಎರಡನೇ ಪೂರ್ತಿ ದಿನದ ತನಕ ಮುಂದೂಡಿ ಎನ್ನುತ್ತದೆ. ರಕ್ತಸ್ರಾವದವರು ಮೊದಲ ವಾರ ತುಂಬಾ ಕೆಟ್ಟದಾಗಿ ಕಂಡು, ರಕ್ತ ಕರಗಿ ಒತ್ತಡ ಇಳಿದ ಮೇಲೆ ಎದ್ದು ಬರುವುದು ಅಪರೂಪವೇನಲ್ಲ.

ಮಾತಿಗೆ ಬರೋಣ. ಮೊದಲು ಎರಡನ್ನು ಬೇರ್ಪಡಿಸಿ. ನಾಲಿಗೆ, ತುಟಿ ಸರಿಯಾಗಿ ಹೊರಳದೆ ತೊದಲುವುದು ಒಂದು. ಪದವೇ ಸಿಗದಿರುವುದು, ವಾಕ್ಯ ಕಟ್ಟಲಾಗದಿರುವುದು ಇನ್ನೊಂದು. ಎರಡನೆಯದಕ್ಕೆ ಅಫೇಸಿಯಾ ಎನ್ನುತ್ತೇವೆ. ತೊದಲು ಸಾಮಾನ್ಯವಾಗಿ ಬೇಗ ಸುಧಾರಿಸುತ್ತದೆ. ಅಫೇಸಿಯಾಕ್ಕೆ ಸಮಯ ಬೇಕು. ನಿಮ್ಮ ತಂದೆಯವರದು ಬಹುಶಃ ಅಫೇಸಿಯಾ. ಎಷ್ಟು ಬರುತ್ತದೆ ಎನ್ನುವುದು ಮುಖ್ಯವಾಗಿ ಆರಂಭದಲ್ಲಿ ಎಷ್ಟು ಹೋಗಿತ್ತು ಎನ್ನುವುದರ ಮೇಲೆ ನಿಂತಿದೆ. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದವರು ಮುಂದೆ ಇರುತ್ತಾರೆ. ಕೋಪನ್‌ಹೇಗನ್‌ನ ಅಧ್ಯಯನದಲ್ಲೇ ಮಾತಿನ ಬಹುಪಾಲು ಸುಧಾರಣೆ ಸೌಮ್ಯದವರಿಗೆ ಎರಡು ವಾರ, ಮಧ್ಯಮದವರಿಗೆ ಆರು ವಾರ, ತೀವ್ರದವರಿಗೆ ಹತ್ತು ವಾರದೊಳಗೆ ಕಂಡಿತು. ಹಾಗಾಗಿ ಒಂಬತ್ತನೇ ದಿನ ಒಂದೆರಡು ಪದ ಎನ್ನುವುದರಿಂದ ಏನನ್ನೂ ತೀರ್ಮಾನಿಸಬೇಡಿ.

ಹತ್ತು ವಾರದ ಆಚೆ ಏನೂ ಇಲ್ಲ ಎಂದೂ ಅಲ್ಲ. ಜರ್ಮನಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದವರಿಗೇ ಕನಿಷ್ಠ ಮೂರು ವಾರ, ವಾರಕ್ಕೆ 10 ಗಂಟೆಗಿಂತ ಕಡಿಮೆ ಇಲ್ಲದಂತೆ ಸ್ಪೀಚ್ ಥೆರಪಿ ಕೊಟ್ಟರು. ದಿನನಿತ್ಯದ ಮಾತುಕತೆ ಸುಧಾರಿಸಿತು. ವಾರಕ್ಕೆ ಅರ್ಧ ಗಂಟೆ ಥೆರಪಿ ಮಾಡಿಸಿ "ಪ್ರಯೋಜನ ಆಗಲಿಲ್ಲ" ಎನ್ನುವವರಿಗೆ ಈ ಅಂಕಿ ನೆನಪಿರಲಿ. ಮನೆಯಲ್ಲಿ ನೀವು ಮಾಡಬಹುದಾದದ್ದೂ ಇದೆ: ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಬ್ಬರೇ ಮಾತಾಡುವುದು, ಉತ್ತರಕ್ಕೆ ಕಾಯುವುದು. ಮಗುವಿನ ಜೊತೆ ಮಾತಾಡುವ ಧಾಟಿ ಮಾತ್ರ ಬೇಡ. ಹೋಗಿರುವುದು ಪದ, ಬುದ್ಧಿ ಅಲ್ಲ.

ಉಳಿದ ಸೂಚನೆಗಳನ್ನು ಬೇಗ ಹೇಳಿಬಿಡುತ್ತೇನೆ. ಮೊದಲ ವಾರಗಳಲ್ಲಿ ಮೂತ್ರದ ಹತೋಟಿ ಇಲ್ಲದಿರುವುದು, ಯಾರೂ ಹೆಚ್ಚು ಮಾತಾಡದಿದ್ದರೂ, ಒಟ್ಟಾರೆ ಚೇತರಿಕೆಯ ಬಗ್ಗೆ ಗಂಭೀರ ಸೂಚನೆ. ಹತೋಟಿ ಬೇಗ ಮರಳಿದರೆ ಒಳ್ಳೆಯದು. ನುಂಗುವ ತೊಂದರೆ ಆರಂಭದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇರುತ್ತದೆ, ಹೆಚ್ಚಿನವರಿಗೆ ಎರಡು ವಾರದಲ್ಲಿ ಸರಿಹೋಗುತ್ತದೆ. ಆದರೆ ಅಷ್ಟರಲ್ಲಿ ಆಹಾರ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆದರೆ ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. ವಯಸ್ಸಿಗೆ ತೂಕ ಇದೆ ನಿಜ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇವೆ. ಸ್ಟ್ರೋಕ್‌ಗೆ ಹಿಂದಿನ ದಿನ ಅವರು ಹೇಗಿದ್ದರು ಎನ್ನುವುದು ಹೆಚ್ಚು ಹೇಳುತ್ತದೆ. ತಾನೇ ಓಡಾಡಿಕೊಂಡಿದ್ದ 78ರವರು, ಆಗಲೇ ಮಂಚ ಹಿಡಿದಿದ್ದ 60ರವರಿಗಿಂತ ಚೆನ್ನಾಗಿ ಎದ್ದು ಬರುತ್ತಾರೆ.

ಈ ಭವಿಷ್ಯವನ್ನು ಬದಲಿಸಲು ಆಗುತ್ತದಾ? ಸ್ವಲ್ಪ ಮಟ್ಟಿಗೆ. ಮೊದಲ ವಾರಗಳ ಸುಧಾರಣೆಯಲ್ಲಿ ಒಂದು ಭಾಗ ತಾನಾಗೇ ಆಗುವುದು. ಊತ ಇಳಿಯುತ್ತದೆ, ಸಾಯದೆ ಮಂಕಾಗಿದ್ದ ಭಾಗಗಳು ಎಚ್ಚರಗೊಳ್ಳುತ್ತವೆ, ಉಳಿದ ನರಗಳು ಹೊಸ ಸಂಪರ್ಕ ಬೆಳೆಸುತ್ತವೆ. ಕಳೆದುಕೊಂಡ ಬಲದಲ್ಲಿ ಸುಮಾರು 70 ಶೇಕಡಾ ತಾನಾಗೇ ಮರಳುತ್ತದೆ ಎಂಬ ಒಂದು ನಿಯಮ 2008ರಿಂದ ಬಹಳ ಜನಪ್ರಿಯವಾಗಿತ್ತು. ತೀವ್ರ ಪೆಟ್ಟು ಬಿದ್ದ ಅನೇಕರು ಆ ನಿಯಮಕ್ಕೆ ಸಿಗಲೇ ಇಲ್ಲ. 2019ರಲ್ಲಿ ಅದರ ಲೆಕ್ಕಾಚಾರದಲ್ಲೇ ತೊಡಕಿದೆ, ನಿಯಮ ನಿಜಕ್ಕಿಂತ ಗಟ್ಟಿಯಾಗಿ ಕಾಣುತ್ತದೆ ಎಂದು ಸಂಖ್ಯಾಶಾಸ್ತ್ರ ಬಲ್ಲವರು ತೋರಿಸಿದರು. ಯಾರಾದರೂ ನಿಮಗೆ "70 ಪರ್ಸೆಂಟ್ ಬರುತ್ತೆ" ಎಂದರೆ ಅದು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ನಿಮ್ಮ ತಂದೆಯ ಕೈಗೆ ಆ ಲೆಕ್ಕ ಹಚ್ಚಬೇಡಿ.

ಅವಸರದ ಬಗ್ಗೆ ಒಂದು ಎಚ್ಚರಿಕೆ. ಎಷ್ಟು ಬೇಗ ಎಬ್ಬಿಸಿದರೆ ಅಷ್ಟು ಒಳ್ಳೆಯದು ಎಂದು ನಾವೆಲ್ಲ ನಂಬಿದ್ದೆವು. 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಆವರ್ಟ್ ಎಂಬ ಅಧ್ಯಯನ ಬಂತು. ಮೊದಲ 24 ಗಂಟೆಯೊಳಗೇ ಹೆಚ್ಚು ಹೆಚ್ಚು ಎಬ್ಬಿಸಿ ನಡೆಸಿದವರಲ್ಲಿ ಮೂರು ತಿಂಗಳಿಗೆ ಒಳ್ಳೆಯ ಸ್ಥಿತಿಯಲ್ಲಿದ್ದವರು 46 ಶೇಕಡಾ, ಮಾಮೂಲಿ ಆರೈಕೆಯವರಲ್ಲಿ 50. ಆ ಹಂತವನ್ನು ನಿಮ್ಮ ತಂದೆ ದಾಟಿದ್ದಾರೆ. ಇನ್ನು ಮುಂದೆ ಎರಡನೇ, ಮೂರನೇ ತಿಂಗಳು ಬಹಳ ಬೆಲೆಯದ್ದು. 72 ಜನರ ಒಂದು ಸಣ್ಣ ಅಮೆರಿಕನ್ ಅಧ್ಯಯನದಲ್ಲಿ, ಕೈಗೆ ಹೆಚ್ಚುವರಿ 20 ಗಂಟೆಯ ಥೆರಪಿಯನ್ನು ಬೇರೆ ಬೇರೆ ಸಮಯಕ್ಕೆ ಕೊಟ್ಟು ನೋಡಿದರು. ಎರಡು, ಮೂರನೇ ತಿಂಗಳಲ್ಲಿ ಪಡೆದವರಿಗೆ ಹೆಚ್ಚು ಲಾಭವಾಯಿತು. ಆರು ತಿಂಗಳ ನಂತರ ಪಡೆದವರಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಬಹಳ ಮನೆಗಳಲ್ಲಿ ಇದರ ಉಲ್ಟಾ ನಡೆಯುತ್ತದೆ. ಮೊದಲ ತಿಂಗಳು ಉತ್ಸಾಹದಿಂದ ಥೆರಪಿ, ಎರಡನೇ ತಿಂಗಳಿಗೆ ಎಲ್ಲರಿಗೂ ದಣಿವು. ಅಲ್ವಾ?

ಮಾತ್ರೆಯಿಂದ ಚೇತರಿಕೆ ಹೆಚ್ಚಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಫ್ಲೂಯೋಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೈಕಾಲಿಗೆ ಬಲ ತರುತ್ತದೆ ಎಂದು 2011ರಲ್ಲಿ ಒಂದು ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು. ಮೂರು ಸಾವಿರ ಜನರ ಮೇಲೆ ಪರೀಕ್ಷಿಸಿದಾಗ ಅಂಥ ಲಾಭ ಸಿಗಲಿಲ್ಲ, ಮೂಳೆ ಮುರಿತ ಮಾತ್ರ ಜಾಸ್ತಿಯಾಯಿತು. ಖಿನ್ನತೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇರೆ ಮಾತು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಮಾತು ಬಾರದವರು ಅದನ್ನು ಹೇಳಿಕೊಳ್ಳಲಾರರು. ಥೆರಪಿಗೆ ಒಲ್ಲೆ ಎನ್ನುವುದು, ಊಟ ಬಿಡುವುದು, ನಿದ್ದೆ ಬಾರದಿರುವುದು ಕಂಡರೆ ಹಠ ಎಂದುಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಎಲ್ಲ ಭವಿಷ್ಯಗಳನ್ನೂ ಒಂದೇ ಏಟಿಗೆ ಅಳಿಸಿಹಾಕುವುದು ಎರಡನೇ ಸ್ಟ್ರೋಕ್. ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ, ತಂಬಾಕು ಬಿಡುವುದು, ಇವುಗಳಲ್ಲಿ ರಾಜಿ ಬೇಡ.

ಕೈಗೆ ಈಗಲೇ ಮಾಡಬೇಕಾದದ್ದು: ಬಲ ಬರಲಿ ಬಿಡಲಿ, ಭುಜ ಜಾರದಂತೆ ನೋಡಿಕೊಳ್ಳಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ. ಕೂತಾಗ ಮೊಣಕೈಗೆ ದಿಂಬಿನ ಆಸರೆ ಇರಲಿ. ಬೆರಳು, ಮಣಿಕಟ್ಟು ಬಿಗಿದುಕೊಳ್ಳದಂತೆ ದಿನಕ್ಕೆ ಕೆಲವು ಬಾರಿ ನಿಧಾನವಾಗಿ ಬಿಚ್ಚಿ. ನೋವಿರುವ, ಬಿಗಿದ ಕೈಗೆ ಆರನೇ ವಾರದಲ್ಲಿ ಬಲ ಬಂದರೂ ಉಪಯೋಗ ಕಡಿಮೆ. ಇದರ ಜೊತೆಗೇ ಎಡಗೈಯಲ್ಲಿ ಬರೆಯುವುದು, ತಿನ್ನುವುದು ಕಲಿಸಲು ಶುರುಮಾಡಿ. ಅದು ಬಲಗೈಯ ಆಸೆ ಬಿಟ್ಟಂತೆ ಅಲ್ಲ. ಎರಡೂ ಒಟ್ಟಿಗೇ ನಡೆಯಲಿ.

ಡಿಸ್ಚಾರ್ಜ್ ಮುಂಚೆ ಡಾಕ್ಟರನ್ನು "ಹುಷಾರಾಗ್ತಾರಾ" ಎಂದು ಕೇಳಬೇಡಿ. "ಮೂರು ತಿಂಗಳಿಗೆ ಒಬ್ಬರೇ ಬಾತ್‌ರೂಮಿಗೆ ಹೋಗುತ್ತಾರಾ? ಬಲಗೈಯನ್ನು ಕೊನೆಯ ಬಾರಿ ಯಾವತ್ತು ಪರೀಕ್ಷಿಸಿದಿರಿ, ಭುಜ ಎಷ್ಟು, ಬೆರಳು ಎಷ್ಟು? ಮತ್ತೆ ಯಾವಾಗ ನೋಡುತ್ತೀರಿ? ಸ್ಪೀಚ್ ಥೆರಪಿ ವಾರಕ್ಕೆ ಎಷ್ಟು ಗಂಟೆ?" ಎಂದು ಕೇಳಿ. ಉತ್ತರವನ್ನು ದಿನಾಂಕದ ಜೊತೆ ಬರೆದಿಡಿ. ಇವತ್ತು ಮೊಣಕೈ ಹೊರಗೆ ಸರಿಯುತ್ತದೋ ಇಲ್ಲವೋ ಎಂದೂ ಬರೆದಿಡಿ, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ನಾಲ್ಕನೇ ವಾರ ಮುಗಿದಾಗ ಅದೇ ಕುರ್ಚಿಯಲ್ಲಿ, ಅದೇ ರೀತಿ ಇನ್ನೊಂದು ವಿಡಿಯೋ ಮಾಡಿ, ಎರಡನ್ನೂ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಆಗ ನನಗೂ ಬರೆಯಿರಿ. ಕೈಯ ಬಗ್ಗೆ ಇವತ್ತಿಗಿಂತ ಗಟ್ಟಿಯಾದ ಉತ್ತರವನ್ನು ಆಗ ಕೊಡಬಲ್ಲೆ.